ಫ್ರಾನ್ಸ್ ದೇಶದ ಬ್ರಾಂದಿಭಟ್ಟಿಯ ಪರಿಭಾಷೆ

ಬ್ರಾಂದಿಯೆಂಬ ಶಬ್ದವು ಕನ್ನಡಕ್ಕೆ ಇಂಗ್ಲಿಷಿನಿಂದ ಬಂದುದು. ಇಂಗ್ಲಿಷಿಗೆ ಡಚ್ ಭಾಷೆಯಿಂದ ಬಂದುದು. ಡಚ್ಚರಲ್ಲಿ ಅದರ ರೂಪವು ‘ಬ್ರಾಂಡೆವೈನ್’ ಎಂದಿದ್ದಿತು. ‘ಸುಟ್ಟ ದ್ರಾಕ್ಷಾಮದ್ಯ’ವೆಂದು ಅದರ ಅರ್ಥ. ಹದಿನೇಳನೆಯ ಶತಮಾನದ ಇಂಗ್ಲಿಷರು ಅದನ್ನು ‘ಬ್ರಾಂಡಿವೈನ್’ ಎಂದು ತಮ್ಮ ನಾಲಗೆಗೆ ಒಗ್ಗಿಸಿಕೊಂಡು, ಬಳಿಕ ಬಾಲವನ್ನು ಕತ್ತರಿಸಿ ‘ಬ್ರಾಂಡಿ’ ಎಂದರು. ಯಾವ ದೇಶದ ಸರಕಿನಿಂದ ಈ ಹೆಸರು ಲೋಕಪ್ರಸಿದ್ಧವಾಯಿತೋ ಆ ಫ್ರಾನ್ಸ್ ದೇಶದ ಮಾತಿನ ಒಂದಕ್ಷರವೂ ಇದರಲ್ಲಿ ಇಲ್ಲವೆಂಬುದು ವಿಚಾರಾರ್ಹವಾದುದು. ಕೊನ್ಯಾಕ್ ಸೀಮೆಯಲ್ಲಿ ತಾಮ್ರದ ಹಂಡೆಯ ಮುಂದೆ ರಾತ್ರಿಯೆಲ್ಲ ಎಚ್ಚರವಾಗಿ ಕುಳಿತಿರುವವನು ತಾನು ಮಾಡುವ ವಸ್ತುವನ್ನು ಬ್ರಾಂದಿಯೆಂದು ಕರೆಯುವುದಿಲ್ಲ. ಅವನಿಗೆ ಅದು ‘ಓ ದ ವೀ’. ಕೊಂಡವರು ಇಟ್ಟ ಹೆಸರು ಒಂದು, ಮಾಡಿದವರು ಇಟ್ಟ ಹೆಸರು ಇನ್ನೊಂದು. ಈ ಭೇದವನ್ನು ಹಿಡಿದು ಹೊರಟರೆ ಆ ಕಸುಬಿನ ಚರಿತ್ರೆಯು ಬಹುಮಟ್ಟಿಗೆ ಅದರ ಶಬ್ದಗಳಲ್ಲಿಯೇ ಕಾಣಸಿಗುತ್ತದೆ. ಪಾನದ ಗುಣದೋಷವಿಚಾರವು ಇಲ್ಲಿ ಅಪ್ರಸ್ತುತ. ಆ ವಿಷಯದಲ್ಲಿ ಸ್ಮೃತಿಕಾರರ ಅಭಿಪ್ರಾಯವು ವಾಚಕರಿಗೆ ತಿಳಿದುದೇ ಆಗಿದೆ.

‘ಓ ದ ವೀ’ ಎಂದರೆ ಜೀವಜಲ. ಇದು ಲ್ಯಾಟಿನ್ ಭಾಷೆಯ ‘ಅಕ್ವಾ ವೀಟೇ’ ಎಂಬುದರ ನೇರವಾದ ಭಾಷಾಂತರ. ಲ್ಯಾಟಿನ್ನಿನ ‘ವೀಟಾ’ ಶಬ್ದವೂ ಸಂಸ್ಕೃತದ ‘ಜೀವ’ ಶಬ್ದವೂ ಒಂದೇ ಮೂಲದಿಂದ ಹೊರಟವೆಂದು ಭಾಷಾಶಾಸ್ತ್ರಜ್ಞರು ಸಿದ್ಧಪಡಿಸಿರುವರು. ಹದಿಮೂರು ಹದಿನಾಲ್ಕನೆಯ ಶತಮಾನಗಳಲ್ಲಿ ಯೂರೋಪಿನಲ್ಲಿ ದ್ರಾಕ್ಷಾಮದ್ಯವನ್ನು ಭಟ್ಟಿಯಿಳಿಸುತ್ತಿದ್ದವರು ವರ್ತಕರಲ್ಲ. ವೈದ್ಯರು, ಮಠವಾಸಿಗಳು, ರಸವಾದಿಗಳು. 1311ರಲ್ಲಿ ಕಾಲವಾದ ಅರ್ನೋ ದ ವಿಲ್ನವ್ ಎಂಬ ವೈದ್ಯನ ಹೆಸರಿನಲ್ಲಿ ಪ್ರಚಾರದಲ್ಲಿರುವ ಗ್ರಂಥಗಳಲ್ಲಿ, ಆಯುಸ್ಸನ್ನು ವರ್ಧಿಸುವ ಈ ದ್ರವಕ್ಕೆ ಜೀವಜಲವೆಂಬ ಹೆಸರು ತಕ್ಕುದೇ ಎಂಬ ಸಮರ್ಥನೆಯಿದೆ. ಗ್ಯಾಸ್ಕನಿಯ ವಿತಾಲ್ ದ್ಯು ಫೂರ್ ಎಂಬ ಯತಿಯು 1310ರ ಸುಮಾರಿಗೆ ಇದಕ್ಕೆ 40 ಗುಣಗಳನ್ನು ಎಣಿಸಿದನೆಂದು ಹೇಳುವರು. ಮರೆತುದನ್ನು ನೆನಪಿಗೆ ತರುವುದೂ ಅವುಗಳಲ್ಲಿ ಒಂದು. ಅನುಭವವು ಇದಕ್ಕೆ ವಿರುದ್ಧವಾಗಿರುವುದನ್ನು ಆ ಪುಣ್ಯಾತ್ಮನು ಕಂಡಿರಲಾರನು. ಅದೇ ಕಾಲದಲ್ಲಿ ದಕ್ಷಿಣದವರು ಇದನ್ನು ‘ಅಕ್ವಾ ಆರ್ಡೆನ್ಸ್’, ಎಂದರೆ ಉರಿಯುವ ನೀರು, ಎಂದೂ ಕರೆಯುತ್ತಿದ್ದರು. ಸ್ಪೇನ್ ದೇಶದವರ ‘ಆಗ್ವಾರ್ದಿಯೆಂತೆ’ ಎಂಬ ಶಬ್ದವು ಇಂದಿಗೂ ಅದನ್ನೇ ಹೇಳುತ್ತದೆ. ನೀರಲ್ಲದುದನ್ನು ನೀರೆನ್ನುವ ಈ ರೂಢಿಯು ಯೂರೋಪಿಗೆ ಮಾತ್ರ ಸೇರಿದುದಲ್ಲ. ನಮ್ಮ ಸರ್ಕಾರದ ‘ಅಬಕಾರಿ’ ಇಲಾಖೆಯ ಹೆಸರು ಪಾರಸಿಯಿಂದ ಬಂದುದು. ‘ಆಬ್’ ಎಂದರೆ ನೀರು, ‘ಕಾರಿ’ ಎಂದರೆ ಕೆಲಸ.

ಹೆಸರು ಲ್ಯಾಟಿನ್ನಿನಿಂದ ಬಂದರೆ, ಉಪಕರಣವು ಬಂದುದು ಅರಬ್ಬರ ಕೈಯಿಂದ. ಭಟ್ಟಿಯ ಯಂತ್ರಕ್ಕೆ ಫ್ರೆಂಚರು ‘ಅಲಾಂಬಿಕ್’ ಎನ್ನುವರು. ಗ್ರೀಕರ ‘ಆಂಬಿಕ್ಸ್’, ಅಂದರೆ ಬಟ್ಟಲು, ಅರಬ್ಬೀ ಭಾಷೆಯ ‘ಅಲ್’ ಎಂಬ ಉಪಪದವನ್ನು ತಲೆಗೇರಿಸಿಕೊಂಡು ‘ಅಲ್ ಅಂಬೀಕ್’ ಆಗಿ, ಆ ಉಪಪದದೊಡನೆಯೇ ಯೂರೋಪಿಗೆ ಹಿಂದಿರುಗಿತು. ‘ಆಲ್ಕೊಹಾಲ್’ ಎಂಬ ಶಬ್ದದ ಕಥೆ ಇದಕ್ಕಿಂತಲೂ ವಿಚಿತ್ರ. ಅದರ ಮೂಲವಾದ ‘ಅಲ್ ಕುಹ್ಲ್’ ಎಂದರೆ ಕಣ್ಣಿಗೆ ಹಚ್ಚುವ ಅಂಜನ. ಅಂಜನವು ಅತಿ ನುಣುಪಾದ ಪುಡಿ. ಆದುದರಿಂದ ಆ ಹೆಸರು ಯಾವುದೇ ಪದಾರ್ಥದ ಅತಿಸೂಕ್ಷ್ಮವಾದ ಸಾರಕ್ಕೆ ಹಬ್ಬಿತು. ಹದಿನಾರನೆಯ ಶತಮಾನದಲ್ಲಿ ಪ್ಯಾರಾಸೆಲ್ಸಸ್ ಎಂಬ ವೈದ್ಯನು ದ್ರಾಕ್ಷಾಮದ್ಯದ ಸಾರಕ್ಕೆ ಅದನ್ನು ಬಳಸಿದನು. ಕಾಲಕ್ರಮದಲ್ಲಿ ಮಿಕ್ಕ ಅರ್ಥಗಳೆಲ್ಲ ಉದುರಿ ಇದೊಂದೇ ಉಳಿಯಿತು. ಮದ್ಯವನ್ನು ನಿಷೇಧಿಸಿದ ಧರ್ಮದವರ ಭಾಷೆಯೇ ಮದ್ಯಸಾರಕ್ಕೆ ಹೆಸರನ್ನೂ ಪಾತ್ರೆಯನ್ನೂ ಕೊಟ್ಟಿತು. ಹಿಂದೂಸ್ಥಾನದ ‘ಅರಕು’ ಎಂಬ ಶಬ್ದವೂ ಅದೇ ಮನೆತನದ್ದು. ಅರಬ್ಬಿಯಲ್ಲಿ ‘ಅರಖ್’ ಎಂದರೆ ಬೆವರು. ತಂಪಾದ ಮುಚ್ಚಳದ ಒಳಗೆ ಹನಿಗಟ್ಟುವ ಆವಿಯನ್ನು ಕಂಡವರಿಗೆ ಈ ಹೆಸರಿನ ಔಚಿತ್ಯವನ್ನು ವಿವರಿಸಬೇಕಾಗಿಲ್ಲ.

ವೈದ್ಯರ ಸೀಸೆಯಿಂದ ವರ್ತಕರ ಪೀಪಾಯಿಗೆ ಈ ದ್ರವವು ಇಳಿದುದು ಉಪ್ಪಿನ ದೆಸೆಯಿಂದ. ಫ್ರಾನ್ಸಿನ ಪಶ್ಚಿಮದಲ್ಲಿ ಶಾರಾಂತ್ ನದಿಯು ಕೊನ್ಯಾಕ್ ಪಟ್ಟಣವನ್ನು ಬಳಸಿಕೊಂಡು ಹರಿದು ಸಮುದ್ರವನ್ನು ಸೇರುತ್ತದೆ. ಆ ಕರಾವಳಿಯ ಉಪ್ಪಿಗಾಗಿ, ಮೀನು ಹಿಡಿಯುವ ಉತ್ತರದೇಶದವರ ಹಡಗುಗಳು ಬಹು ಹಿಂದಿನಿಂದ ಬರುತ್ತಿದ್ದುವು. ಉಪ್ಪಿನೊಡನೆ ಅಲ್ಲಿಯ ದ್ರಾಕ್ಷಾಮದ್ಯವನ್ನೂ ಒಯ್ಯುತ್ತಿದ್ದುವು. ಆದರೆ ಆ ಸೀಮೆಯ ಮದ್ಯವು ಹುಳಿ, ಅಲ್ಪಸತ್ತ್ವದ್ದು; ಸಮುದ್ರಯಾನವನ್ನು ತಾಳದೆ ಕೆಡುತ್ತಿದ್ದಿತು. ಅದನ್ನು ಭಟ್ಟಿಯಿಳಿಸಿದರೆ ಕೆಡುವ ಭಯವಿಲ್ಲ. ಹಡಗಿನಲ್ಲಿ ಹಿಡಿಯುವ ಸ್ಥಳವೂ ಕಡಿಮೆ. ಡಚ್ಚರು ಮೊದಲು ತಮ್ಮ ದೇಶದಲ್ಲಿಯೂ ಆಮೇಲೆ ಶಾರಾಂತ್ ಸೀಮೆಯಲ್ಲಿಯೇ ಹಂಡೆಗಳನ್ನು ಹೂಡಿಯೂ ಈ ಕೆಲಸವನ್ನು ನಡೆಯಿಸಿದರು. ಕೊಳ್ಳುವವರು ಅವರೇ ಆದುದರಿಂದ ಅಳತೆಯೂ ಅವರದೇ ಆಯಿತು. ಫ್ರೆಂಚರು ತಮ್ಮ ಸರಕಿನ ಬಲವನ್ನು ‘ಪ್ರೂವ್ ದ ಒಲಾಂದ್’, ಎಂದರೆ ಹಾಲೆಂಡಿನ ಪರೀಕ್ಷೆ, ಎಂಬುದರಿಂದ ಹೇಳುತ್ತಿದ್ದರು. ಚಿಕ್ಕ ಗಾಜಿನ ಸೀಸೆಯಲ್ಲಿ ಅರ್ಧಕ್ಕೆ ಸರಕನ್ನು ಹೊಯ್ದು, ಬಾಯನ್ನು ಹೆಬ್ಬೆರಳಿನಿಂದ ಮುಚ್ಚಿ ಅಲುಗಿಸಿದಾಗ ಗುಳ್ಳೆಗಳು ಮೇಲೆ ಸರವಾಗಿ ನಿಂತರೆ ಸರಕು ಒಪ್ಪಿತ. ಆ ಗುಳ್ಳೆಗಳ ಸರಕ್ಕೆ ಕಸುಬಿನವರು ‘ಶಾಪ್ಲೆ’ ಎಂದು ಹೆಸರಿಟ್ಟರು. ಅದು ಕ್ರೈಸ್ತರ ಜಪಮಾಲೆಯ ಹೆಸರು. ಇದಕ್ಕಿಂತ ತೀವ್ರವಾದ ಸಾರಕ್ಕೆ ‘ತ್ರೋಯಾ ಸಿಸ್’, ‘ಮೂರು-ಆರು’, ಎಂಬ ಒಗಟಿನಂತಹ ಹೆಸರಿದ್ದಿತು. ಮೂರು ಪಾಲು ಆ ಸಾರಕ್ಕೆ ಮೂರು ಪಾಲು ನೀರು ಸೇರಿಸಿದರೆ ಹಾಲೆಂಡಿನ ಪರೀಕ್ಷೆಗೆ ಸರಿಹೋಗುವ ಆರು ಪಾಲು ಸರಕು ಆಗುವುದೆಂಬುದೇ ಅದರ ಬಿಡಿಕೆ. 1824ರಲ್ಲಿ ಗೇ-ಲ್ಯುಸಾಕ್ ಎಂಬ ವಿಜ್ಞಾನಿಯ ಶತಾಂಶಮಾಪಕವು ಬಂದ ಮೇಲೆ ಈ ಮಾತುಗಳು ಮೂಲೆಗೆ ಸೇರಿದುವು. ‘ಬ್ರಾಂದ್‌ವೆ’ ಎಂಬ ರೂಪದಲ್ಲಿ ಡಚ್ಚರ ಶಬ್ದವನ್ನೇ ಫ್ರೆಂಚರೂ ಕೆಲವು ಕಾಲ ಆಡಿದರು. ಅದನ್ನು ಮಾಡುವವನಿಗೂ ಮಾರುವವನಿಗೂ ‘ಬ್ರಾಂದ್‌ವಿನ್ಯೇ’ ಎಂದು ಹೆಸರು ನಡೆಯಿತು. ಆದರೆ ಅದು ನಾಡಿನಲ್ಲಿ ಬೇರೂರದೆ ಬಳಕೆ ತಪ್ಪಿತು.

ಹಾಗೆಂದು ಸುಡುವ ಕಲ್ಪನೆಯು ಡಚ್ಚರದೇ ಎನ್ನಲಾಗದು. ಫ್ರೆಂಚಿನಲ್ಲಿಯೂ ಮದ್ಯವನ್ನು ಭಟ್ಟಿಯಿಳಿಸುವುದಕ್ಕೆ ‘ಬ್ರೂಲೆ’, ಸುಡುವುದು, ಎಂದೇ ಹಳೆಯ ಮಾತು. ಭಟ್ಟಿಯ ಮನೆಗೆ ‘ಬ್ರೂಲ್ರಿ’. ಇನ್ನೊಂದು ಕ್ರಿಯಾಪದ ‘ಬೂಯೀರ್’, ಕುದಿಸುವುದು. ಅದರಿಂದ ‘ಬೂಯರ್’, ಕುದಿಸುವವನು. ಪಂಡಿತರು ಬಳಸುವ ‘ದಿಸ್ತಿಲೆ’ ಎಂಬುದು ಮಾತ್ರ ಲ್ಯಾಟಿನ್ನಿನದು. ಹನಿಹನಿಯಾಗಿ ಕೆಳಗಿಳಿಯುವುದೆಂದು ಅದರ ಅರ್ಥ. ಬೆಂಕಿಯ ಮುಂದಿರುವವನು ಸುಡುವುದನ್ನು ಹೇಳಿದನು. ದೂರದಲ್ಲಿ ಪಾತ್ರೆ ಹಿಡಿದು ನೋಡಿದವನು ಹನಿಯುವುದನ್ನು ಹೇಳಿದನು. ಕನ್ನಡದಲ್ಲಿ ಈ ಎರಡೂ ಒಂದೇ ಮಾತಿನಲ್ಲಿ ಸೇರಿವೆ. ‘ಭಟ್ಟಿ’ಯು ಹುರಿಯುವ ಪಾತ್ರೆಯೆಂಬರ್ಥದ ಸಂಸ್ಕೃತದ ‘ಭ್ರಾಷ್ಟ್ರ’ದ ಸಂತತಿ, ‘ಇಳಿಸು’ ಎಂಬುದು ಹನಿಯ ಗತಿ.

ಇನ್ನು ಹಂಡೆಯ ಬಳಿಗೆ ಬರಬಹುದು. ಶಾರಾಂತ್ ಸೀಮೆಯ ಭಟ್ಟಿಯು ಎರಡು ಸಲ ಕಾಯಿಸುವ ಭಟ್ಟಿ. ಕೆಳಗೆ ‘ಶೋದಿಯೇರ್’ ಎಂಬ ಹಂಡೆ. ಅದು ಇಂದಿಗೂ ತಾಮ್ರದ್ದೇ ಆಗಿರಬೇಕು, ಕೆಳಗೆ ಬೆಂಕಿಯ ಜ್ವಾಲೆಯೇ ಇರಬೇಕು. ಹಂಡೆಯ ಮೇಲೆ ‘ಶಾಪಿತೋ’ ಕುಳಿತಿರುವುದು. ಕಂಬದ ಬೋದಿಗೆಗೂ ಫ್ರೆಂಚರಲ್ಲಿ ಇದೇ ಹೆಸರು. ತಲೆಯ ಮೇಲಿನದು ಎಂಬ ಭಾವ. ಅಲ್ಲಿಂದ ಬಾಗಿ ಹೊರಡುವ ಕೊಳವೆಯು ‘ಹಂಸದ ಕೊರಳು’. ಆ ಕೊಳವೆಯು ತಣ್ಣೀರಿನ ತೊಟ್ಟಿಯೊಳಗೆ ಸುರುಳಿಸುರುಳಿಯಾಗಿ ಇಳಿಯುವಾಗ ‘ಸೆರ್ಪಾಂತೆ’, ಸರ್ಪಿಣಿ. ಇಲ್ಲಿ ಭಾಷಾಂತರದ ಅಗತ್ಯವೇ ಇಲ್ಲ. ಲ್ಯಾಟಿನ್ನಿನ ‘ಸೆರ್ಪೆನ್ಸ್’ ಮತ್ತು ಸಂಸ್ಕೃತದ ‘ಸರ್ಪ’ ಎರಡೂ ಹರಿದಾಡುವುದೆಂಬರ್ಥದ ಒಂದೇ ಧಾತುವಿನವು. ಹಂಸದ ಕೊರಳಿನಿಂದ ಹೊರಟ ಆವಿಯು ಸರ್ಪದ ಬಾಲದಲ್ಲಿ ನೀರಾಗಿ ಇಳಿಯುತ್ತದೆ.

ಮೊದಲನೆಯ ಕಾಯುವಿಕೆಗೆ ‘ಪ್ರೆಮಿಯೇರ್ ಶೋಫ್’ ಎಂದು ಹೆಸರು. ನೂರಕ್ಕೆ ಎಂಟು ಒಂಬತ್ತು ಪಾಲು ಮದ್ಯಸಾರವುಳ್ಳ ದ್ರಾಕ್ಷಾಮದ್ಯವು ಇದರಿಂದ ಸುಮಾರು 30 ಪಾಲು ಸಾರವುಳ್ಳ, ಕೊಂಚ ಕದಡಿದಂತಿರುವ ದ್ರವವಾಗುತ್ತದೆ. ಕದಡಿರುವುದರಿಂದಲೇ ಅದು ‘ಬ್ರೂಯಿ’. ಅದನ್ನು ಮತ್ತೆ ಹಂಡೆಗೆ ಹಾಕಿ ಕಾಯಿಸುವುದು ‘ಬೊನ್ ಶೋಫ್’, ಒಳ್ಳೆಯ ಕಾಯುವಿಕೆ. ಎರಡನೆಯದನ್ನು ‘ಎರಡನೆಯದು’ ಎನ್ನದೆ ‘ಒಳ್ಳೆಯದು’ ಎಂದುದರಲ್ಲಿ ಕಸುಬಿನವರ ಮನಸ್ಸು ಕಾಣುತ್ತದೆ. ಈ ಸಲ ಇಳಿಯುವ ಧಾರೆಯನ್ನು ಅವರು ಒಂದು ಶರೀರವೆಂದು ಭಾವಿಸಿರುವರು. ಮೊದಲು ಬರುವುದು ‘ತೆತ್’, ತಲೆಗಳು. ಅದು ಸ್ವಲ್ಪವೇ, ಮೂಗನ್ನು ಕೊರೆಯುವಂತಹದು. ಅದನ್ನು ಬೇರೆ ಇಡುವರು. ಆಮೇಲೆ ‘ಕೋರ್’, ಹೃದಯ. ಇದೇ ಬೇಕಾದುದು, ನೂರಕ್ಕೆ ಸುಮಾರು 70 ಪಾಲು ಸಾರವುಳ್ಳದ್ದು. ಹೃದಯದ ತರುವಾಯ ‘ಸೆಗೋಂದ್’. ಅದನ್ನು ಮುಂದಿನ ಹಂಡೆಗೆ ಸೇರಿಸಿ ಮತ್ತೆ ಕಾಯಿಸುವರು. ಕೊನೆಗೆ ಬಾಲಗಳು. ಶರೀರದ ಈ ಭಾಗಗಳ ನಡುವೆ ಗೆರೆಯೇನೂ ಇಲ್ಲ. ಧಾರೆಯು ಎಡೆಬಿಡದೆ ಇಳಿಯುತ್ತಿರುವುದು. ಎಲ್ಲಿ ತಲೆಯು ಮುಗಿದು ಹೃದಯವು ಆರಂಭವಾಯಿತೆಂಬುದನ್ನು ನಿರ್ಣಯಿಸುವುದಕ್ಕೆ ‘ಕೂಪ್’, ಕಡಿತ, ಎಂದು ಹೆಸರು. ಮಾಪಕವು ಬಲವನ್ನು ಹೇಳಬಲ್ಲದು, ಪರಿಮಳವನ್ನು ಹೇಳಲಾರದು. ಆದುದರಿಂದ ಈ ಕಡಿತವನ್ನು ಮಾಡುವುದು ಮೂಗು ಮತ್ತು ನಾಲಗೆ. ಕೊಂಚ ಬೇಗ ಕಡಿದರೆ ಖಾರವು ಸೇರುತ್ತದೆ, ತಡವಾದರೆ ಬಾಲದ ವಾಸನೆಯು ಸೇರುತ್ತದೆ. ಆ ತಪ್ಪು ಪೀಪಾಯಿಯಲ್ಲಿ ಹತ್ತಾರು ವರ್ಷ ಕುಳಿತು ಮೊಮ್ಮಕ್ಕಳ ಕಾಲದಲ್ಲಿ ಬಯಲಾಗುವುದು.

ಈ ಎರಡನೆಯ ಕಾಯುವಿಕೆಗೆ ಆ ನಾಡಿನಲ್ಲಿ ಒಂದು ಐತಿಹ್ಯವಿದೆ. ಸೆಗೊಂಜಾಕ್ ಗ್ರಾಮದ ಕ್ರೋಯಾ-ಮಾರೋಂ ಎಂಬ ವೀರನು, ಸೈತಾನನು ತನ್ನ ಆತ್ಮವನ್ನು ಕಿತ್ತುಕೊಳ್ಳಲು ತನ್ನನ್ನು ಹಂಡೆಯಲ್ಲಿ ಬೇಯಿಸುವಂತೆ ಕನಸು ಕಂಡನು. ದೃಢಭಕ್ತನಾದ ಅವನ ಆತ್ಮವು ಮೊದಲ ಕುದಿತಕ್ಕೆ ಹೊರಡಲಿಲ್ಲ. ಹಾಗಾದರೆ ಇನ್ನೊಮ್ಮೆ ಬೇಯಿಸುವೆನೆಂದು ಸೈತಾನನು ಗರ್ಜಿಸಿದಾಗ ಎಚ್ಚರವಾಯಿತು. ಮದ್ಯದ ಆತ್ಮವೂ ಎರಡನೆಯ ಕುದಿತಕ್ಕೇ ಹೊರಡುವುದೆಂದು ಅವನು ಅದರಿಂದ ಊಹಿಸಿದನಂತೆ. ಇದು ಚರಿತ್ರೆಯಲ್ಲ. ಸಾರವನ್ನು ಆತ್ಮವೆಂದೂ ಹೃದಯವೆಂದೂ ಕರೆಯುವ ರೂಢಿಯು ಮೊದಲು, ಕಥೆಯು ಆಮೇಲೆ ಹುಟ್ಟಿರಬೇಕು.

ದಕ್ಷಿಣದ ಆರ್ಮಾನ್ಯಾಕ್ ಸೀಮೆಯಲ್ಲಿ ಈ ಕಸುಬು ಕೊನ್ಯಾಕಿಗಿಂತ ಹಳೆಯದು. ಆದರೆ ಅಲ್ಲಿ ಹತ್ತೊಂಬತ್ತನೆಯ ಶತಮಾನದಿಂದ ಬಳಕೆಗೆ ಬಂದ ಭಟ್ಟಿಯು ಒಂದೇ ಸಲ ಎಡೆಬಿಡದೆ ಕಾಯಿಸುವಂತಹದು. ಆದುದರಿಂದ ಬ್ರೂಯಿ, ಬೊನ್ ಶೋಫ್ ಎಂಬ ಮಾತುಗಳು ಆ ಭಟ್ಟಿಗೆ ಸಲ್ಲವು.

ಭಟ್ಟಿಯು ಇಳಿದ ದ್ರವಕ್ಕೆ ಬಣ್ಣವಿಲ್ಲ. ಬಣ್ಣವೂ ಮೃದುತ್ವವೂ ಬರುವುದು ಓಕ್ ಮರದ ಪೀಪಾಯಿಯಿಂದ. ಲಿಮುಜೇಂ ಮತ್ತು ತ್ರೋಂಸೇ ಎಂಬ ಎರಡು ಅರಣ್ಯಗಳ ಮರವು ಇದಕ್ಕೆ ಹೆಸರಾಗಿದೆ. ಎರಡನೆಯದನ್ನು ಹದಿನಾಲ್ಕನೆಯ ಲೂಯಿಯ ಮಂತ್ರಿಯಾದ ಕೋಲ್ಬೇರನು ಯುದ್ಧನೌಕೆಗಳಿಗೆಂದು ಕಾಪಾಡಿಸಿದ್ದನು. ಪೀಪಾಯಿಗಳನ್ನು ಇಡುವ ಉಗ್ರಾಣಕ್ಕೆ ‘ಶೇ’ ಎಂದು ಹೆಸರು. ಹಡಗುಕಟ್ಟೆಯೆಂಬರ್ಥದ ‘ಕೇ’ ಎಂಬ ಫ್ರೆಂಚ್ ಶಬ್ದಕ್ಕೆ ಇದು ಶಾರಾಂತ್ ಕಡೆಯ ದೇಶ್ಯರೂಪವೆಂದು ಕೋಶಕಾರರು ಹೇಳುವರು. ಉಗ್ರಾಣಕ್ಕೆ ಕಟ್ಟೆಯ ಹೆಸರು ಬಂದುದೇಕೆಂಬುದನ್ನು ಆ ಊರನ್ನು ನೋಡಿದರೆ ತಿಳಿಯಬಹುದು. ಹಳೆಯ ಉಗ್ರಾಣಗಳು ನದಿಯ ದಡದಲ್ಲಿಯೇ ನಿಂತಿವೆ. ‘ಗಾಬಾರ್’ ಎಂಬ ಚಪ್ಪಟೆ ತಳದ ದೋಣಿಗಳಿಗೆ ಪೀಪಾಯಿಗಳನ್ನು ಅಲ್ಲಿಂದಲೇ ಉರುಳಿಸಿ, ಸಮುದ್ರದ ಹಡಗುಗಳಿಗೆ ಒಯ್ಯುತ್ತಿದ್ದರು. ನದಿಯ ತೇವವೂ ಪಕ್ವತೆಗೆ ಸಹಾಯಕ.

ಮರದ ಸೂಕ್ಷ್ಮರಂಧ್ರಗಳ ಮೂಲಕ ವರ್ಷಕ್ಕೆ ನೂರಕ್ಕೆ ಸುಮಾರು ಎರಡು ಪಾಲು ಗಾಳಿಗೆ ಹೋಗುವುದು. ವ್ಯಾಪಾರಿಗಳ ಲೆಕ್ಕದಲ್ಲಿ ಇದು ನಷ್ಟ. ಕಸುಬಿನವರ ಮಾತಿನಲ್ಲಿ ‘ಪಾರ್ ದೆಜಾಂಜ್’, ದೇವದೂತರ ಪಾಲು. ಈ ಪಾಲನ್ನು ಉಣ್ಣುವವರು ದೇವದೂತರು ಮಾತ್ರವಲ್ಲ. ಆ ಆವಿಯಿಂದ ಬೆಳೆಯುವ ಒಂದು ಕರಿಯ ಬೂಷ್ಟು ಉಗ್ರಾಣಗಳ ಗೋಡೆಗಳನ್ನೂ ಹೆಂಚುಗಳನ್ನೂ ಮಸಿ ಬಳಿದಂತೆ ಮಾಡಿರುವುದು. ಕೊನ್ಯಾಕಿನ ಔಷಧವ್ಯಾಪಾರಿಯಾದ ಆಂತೊನೆಂ ಬೋದುವೆಂ 1872ರಲ್ಲಿ ಇದನ್ನು ಗಮನಿಸಿ ಬರೆದನು. 2007ರಲ್ಲಿ ಶಾಸ್ತ್ರಜ್ಞರು ಆ ಬೂಷ್ಟಿನ ಕುಲಕ್ಕೆ ಅವನ ಹೆಸರನ್ನೇ ಕೊಟ್ಟರು. ಬಹುಕಾಲ ಪಕ್ವವಾದ ದ್ರವವನ್ನು ಮರದಿಂದ ತೆಗೆದು, ಬೆತ್ತ ಹೆಣೆದ ‘ದಾಮ್ ಜಾನ್’ ಎಂಬ ದೊಡ್ಡ ಗಾಜಿನ ಬುದ್ದಲಿಗಳಲ್ಲಿ ತುಂಬಿ, ಉಗ್ರಾಣದ ಒಂದು ಮೂಲೆಯ ಕೋಣೆಯಲ್ಲಿ ಬೀಗ ಹಾಕಿಡುವರು. ಆ ಕೋಣೆಯು ‘ಪಾರಾದಿ’, ಸ್ವರ್ಗ. ದೇವದೂತರ ಮಾತಿಗೆ ಜೋಡಿಯಾಗಿ ಬಂದ ವಿನೋದವೆಂದು ತೋರಿದರೂ, ಶಬ್ದದ ಮೂಲವನ್ನು ನೋಡಿದರೆ ಇಲ್ಲಿ ಬೇರೊಂದು ಸ್ವಾರಸ್ಯವಿದೆ. ಇದು ಪ್ರಾಚೀನ ಪಾರಸಿಕರ ‘ಪೈರಿದಯೇಜ’ದಿಂದ ಗ್ರೀಕರ ಮೂಲಕ ಬಂದುದು, ‘ಪೈರಿ’ ಎಂಬುದು ಸಂಸ್ಕೃತದ ‘ಪರಿ’ಯೇ, ಸುತ್ತಲೂ ಗೋಡೆಯುಳ್ಳ ಸ್ಥಳವೆಂದು ಅರ್ಥ. ಬೈಬಲಿನಲ್ಲಿ ಸ್ವರ್ಗವಾದ ಈ ಶಬ್ದವು ಕೊನ್ಯಾಕಿನ ಉಗ್ರಾಣದಲ್ಲಿ ತಿಳಿಯದೆಯೇ ತನ್ನ ಮೊದಲ ಅರ್ಥಕ್ಕೆ ಮರಳಿರುವುದು.

ಹಂಡೆಯಿಂದ ಸ್ವರ್ಗದವರೆಗೆ ಇಷ್ಟು ಶಬ್ದಗಳಿದ್ದರೂ ಸೀಸೆಯ ಮೇಲಿನ ಚೀಟಿಯಲ್ಲಿ ಇವು ಪ್ರಾಯಶಃ ಕಾಣವು. ಅಲ್ಲಿರುವುದು ವಿ.ಎಸ್.ಒ.ಪಿ., ಎಕ್ಸ್.ಒ. ಎಂಬ ಇಂಗ್ಲಿಷ್ ಅಕ್ಷರಗಳು. ಕೊನ್ಯಾಕಿನ ದೊಡ್ಡ ವ್ಯಾಪಾರದ ಮನೆಗಳನ್ನು ಕಟ್ಟಿದವರಲ್ಲಿಯೂ ಹೊರಗಿನವರುಂಟು: 1715ರಲ್ಲಿ ಬಂದ ಮಾರ್ಟೆಲನು ಜರ್ಸಿ ದ್ವೀಪದವನು, 1765ರಲ್ಲಿ ಅಂಗಡಿ ತೆರೆದ ಹೆನೆಸಿಯು ಐರ್ಲೆಂಡಿನವನು. ಮುಂದೆ ನಾಲ್ಕನೆಯ ಜಾರ್ಜ್ ದೊರೆಯಾದ ಇಂಗ್ಲೆಂಡಿನ ರಾಜಪ್ರತಿನಿಧಿಯು 1817ರಲ್ಲಿ ‘ಬಹು ಶ್ರೇಷ್ಠ, ಹಳೆಯ, ತಿಳಿಬಣ್ಣದ’ ಸರಕು ಬೇಕೆಂದು ಬರೆಯಿಸಿದ ಮಾತಿನ ಮೊದಲಕ್ಷರಗಳೇ ವಿ.ಎಸ್.ಒ.ಪಿ. ಎಂದು ಹೇಳುವರು. ಇಂದು ಕೊನ್ಯಾಕಿನ ನಿಯಮಗಳೇ ಈ ಅಕ್ಷರಗಳಿಗೆ ವಯಸ್ಸನ್ನು ಗೊತ್ತುಮಾಡಿವೆ, ಎಕ್ಸ್.ಒ. ಎನಿಸಿಕೊಳ್ಳಲು 2018ರಿಂದ ಕನಿಷ್ಠ ಹತ್ತು ವರ್ಷ ಮರದಲ್ಲಿರಬೇಕು. ಡಚ್ಚರು ಅಳತೆಯ ಮಾತನ್ನು ಕೊಟ್ಟಂತೆ ಇಂಗ್ಲಿಷರು ವಯಸ್ಸಿನ ಮಾತನ್ನು ಕೊಟ್ಟರು.

ಮಾಡುವವರು ತಮ್ಮದೆಂದು ಹಟ ಹಿಡಿದು ಉಳಿಸಿಕೊಂಡುದು ನೆಲದ ಹೆಸರನ್ನು. ‘ಕ್ರ್ಯು’ ಎಂದರೆ ಬೆಳೆದುದು. ಅದರಿಂದ, ಬೆಳೆದ ನೆಲ. ಕೊನ್ಯಾಕ್ ಸೀಮೆಯ ನಡುವೆ ಸುಣ್ಣದ ನೆಲವುಳ್ಳ ಭಾಗವು ‘ಗ್ರಾಂದ್ ಶಾಂಪಾನ್ಯ್’; ಲ್ಯಾಟಿನ್ನಿನ ‘ಕಂಪಾನಿಯಾ’, ಬಯಲುಸೀಮೆ, ಎಂಬುದು ಇದರ ಮೂಲ; ನೊರೆಯುಕ್ಕುವ ಶಾಂಪೇನ್ ಮದ್ಯಕ್ಕೂ ಇದಕ್ಕೂ ಹೆಸರೊಂದೇ ಹೊರತು ಬೇರೆ ಸಂಬಂಧವಿಲ್ಲ. ಸುತ್ತಲಿನ ಭಾಗಗಳಿಗೆ ‘ಬೋಯಾ’, ಕಾಡು, ಎಂಬ ಹೆಸರುಗಳಿವೆ. ಹತ್ತೊಂಬತ್ತನೆಯ ಶತಮಾನದ ಮಧ್ಯದಲ್ಲಿ ಕೊಕಾಂ ಎಂಬ ಭೂಶಾಸ್ತ್ರಜ್ಞನು ಮಣ್ಣನ್ನೂ, ಅವನೊಡನೆ ಬಂದ ರುಚಿಪರೀಕ್ಷಕನೊಬ್ಬನು ಸರಕನ್ನೂ ಪರೀಕ್ಷಿಸುತ್ತ ಊರೂರು ಅಲೆದು, ಒಬ್ಬರ ತೀರ್ಪು ಇನ್ನೊಬ್ಬರ ತೀರ್ಪಿಗೆ ಎಲ್ಲಿಯೂ ವಿರೋಧವಾಗಲಿಲ್ಲವೆಂದು ಪ್ರತೀತಿ. ದ್ರಾಕ್ಷಾಮದ್ಯವನ್ನು ನೆಲದಿಂದ ಹೆಸರಿಸುವ ಕ್ರಮವು ಭಾರತೀಯರಿಗೂ ಅಪರಿಚಿತವಲ್ಲ. ಮೃದ್ವೀಕಾರಸವನ್ನು ಅದು ಹುಟ್ಟಿದ ದೇಶದಿಂದ ಕಾಪಿಶಾಯನ, ಹಾರಹೂರಕ ಎಂದು ಕರೆಯುವುದನ್ನು ಕೌಟಿಲ್ಯನು ಹೇಳಿರುವನು. ಕಾಪಿಶಾಯನವೆಂಬ ರೂಪಸಿದ್ಧಿಗೆ ಪಾಣಿನಿಯು ಒಂದು ಸೂತ್ರವನ್ನೇ ಮೀಸಲಿಟ್ಟಿರುವನು.

ಫ್ರಾನ್ಸಿನಲ್ಲಿ ಇದು ವ್ಯಾಕರಣದ ವಿಷಯವಾಗಿ ಉಳಿಯದೆ ಜೀವನೋಪಾಯದ ವಿಷಯವಾಯಿತು. 1870ರ ದಶಕದಲ್ಲಿ ಫಿಲಾಕ್ಸೆರವೆಂಬ ಬೇರುತಿನ್ನುವ ಹೇನು ಶಾರಾಂತ್ ಸೀಮೆಯನ್ನು ಹೊಕ್ಕು ದ್ರಾಕ್ಷಿಯ ತೋಟಗಳಲ್ಲಿ ಬಹುಭಾಗವನ್ನು ಹಾಳುಮಾಡಿತು. ಅಮೆರಿಕದ ದ್ರಾಕ್ಷಿಯ ಬೇರಿಗೆ ಫ್ರಾನ್ಸಿನ ಬಳ್ಳಿಯನ್ನು ಕಸಿಕಟ್ಟುವುದೇ ಉಪಾಯವೆಂದು ತಿಳಿದರೂ, ಕೊನ್ಯಾಕಿನ ಸುಣ್ಣದ ನೆಲದಲ್ಲಿ ಆ ಬೇರುಗಳು ಬಾಳಲಿಲ್ಲ. 1887ರಲ್ಲಿ ಪಿಯೇರ್ ವಿಯಾಲಾ ಅಮೆರಿಕಕ್ಕೆ ಹೋಗಿ, ಟೆಕ್ಸಸ್ಸಿನ ಮನ್ಸನ್ ಎಂಬವನ ಸಹಾಯದಿಂದ ಸುಣ್ಣವನ್ನು ತಾಳುವ ಬೇರನ್ನು ಗೊತ್ತುಮಾಡಿಕೊಂಡು ಬಂದನು. ಹಳೆಯ ‘ಫೋಲ್ ಬ್ಲಾಂಶ್’, ಹುಚ್ಚು ಬಿಳಿ, ಎಂಬ ತಳಿಯು ಕಸಿಯನ್ನು ಸಹಿಸದೆ ಕೊಳೆಯತೊಡಗಿ ತನ್ನ ಸ್ಥಾನವನ್ನು ‘ಉನ್ಯಿ ಬ್ಲಾಂ’ ಎಂಬುದಕ್ಕೆ ಬಿಟ್ಟುಕೊಟ್ಟಿತು. ಆರ್ಮಾನ್ಯಾಕಿನಲ್ಲಿ ಅದರ ಸ್ಥಾನವನ್ನು ಬಹುಮಟ್ಟಿಗೆ ತುಂಬಿದುದು ಫ್ರಾಂಸ್ವಾ ಬಾಕೋ ಎಂಬ ಹಳ್ಳಿಯ ಶಾಲೆಯ ಉಪಾಧ್ಯಾಯನು 1898ರಲ್ಲಿ ಬೆರಸಿ ಪಡೆದ ಹೊಸ ತಳಿ. ಈ ನಡುವೆ ಸ‌ರಕು ಇಲ್ಲದ ಹೆಸರು ಮಾತ್ರ ಪೇಟೆಯಲ್ಲಿ ಉಳಿದುದರಿಂದ, ಧಾನ್ಯದಿಂದಲೂ ಗೆಡ್ಡೆಗಳಿಂದಲೂ ಇಳಿಸಿದ ಸಾರವನ್ನು ಕೊನ್ಯಾಕೆಂದು ಮಾರುವವರು ಹೆಚ್ಚಿದರು. ತೋಟ ಕಳೆದುಕೊಂಡವನ ಕೈಯಲ್ಲಿ ಉಳಿದಿದ್ದುದು ಊರಿನ ಹೆಸರೊಂದೇ; ಅದೂ ಪರರ ಪಾಲಾಗುತ್ತಿದ್ದಿತು. 1905ರ ವಂಚನಾನಿರೋಧದ ಕಾನೂನೂ, ಅದನ್ನು ಹಿಡಿದು 1909ರಲ್ಲಿ ಕೊನ್ಯಾಕ್ ಮತ್ತು ಆರ್ಮಾನ್ಯಾಕ್ ಸೀಮೆಗಳ ಎಲ್ಲೆಯನ್ನು ಗೊತ್ತುಮಾಡಿದ ಆಜ್ಞೆಗಳೂ, 1936ರ ನಿಯಮಗಳೂ ಈ ಕಷ್ಟದಿಂದ ಹುಟ್ಟಿದವು. 1919ರ ವರ್ಸೇಲ್ಸ್ ಕೌಲಿನಲ್ಲಿ ಸೋತ ಜರ್ಮನಿಯು ಇಂತಹ ದೇಶನಾಮಗಳನ್ನು ಗೌರವಿಸಬೇಕೆಂಬ ಷರತ್ತು ಸೇರಿತು. ಅದುವರೆಗೆ ತಮ್ಮ ಸರಕನ್ನೂ ‘ಕೊನ್ಯಾಕ್’ ಎನ್ನುತ್ತಿದ್ದ ಜರ್ಮನರು, ಹ್ಯೂಗೊ ಆಸ್ಬಾಖ್ ಎಂಬ ವರ್ತಕನು ಆ ಮೊದಲೇ ಬಳಕೆಗೆ ತಂದಿದ್ದ ‘ವೈನ್‌ಬ್ರಾಂಟ್’ ಎಂಬ ಹೆಸರನ್ನು ಹಿಡಿದರು. ಡಚ್ಚರ ಬ್ರಾಂಡೆವೈನಿನ ಎರಡು ಪದಗಳನ್ನು ಹಿಂದುಮುಂದು ಮಾಡಿದರೆ ದೊರೆಯುವುದು ಇದೇ.

ಕಾನೂನಿನ ಈ ಆಶ್ರಯವು ಭಟ್ಟಿಯ ಎಲ್ಲ ಮಾತುಗಳಿಗೂ ದೊರೆಯಲಿಲ್ಲ. ತನ್ನ ನೆಲದಲ್ಲಿ ಬೆಳೆದುದನ್ನು ತಾನೇ ಭಟ್ಟಿಯಿಳಿಸುವವನು ‘ಬೂಯರ್ ದ ಕ್ರ್ಯು’. ಇತರರ ಮದ್ಯವನ್ನು ಕೊಂಡು ಇಳಿಸುವ ವೃತ್ತಿಯವನಿಂದ ಅವನನ್ನು ಬೇರ್ಪಡಿಸಲು ಹುಟ್ಟಿದ ಹೆಸರಿದು. ಫ್ರಾನ್ಸಿನ ಹಳ್ಳಿಗಳಲ್ಲಿ ನಾಲ್ಕು ಬಳ್ಳಿ, ಹತ್ತು ಹಣ್ಣಿನ ಮರಗಳಿದ್ದ ಬಡ ರೈತನಿಗೂ ಈ ಪದವಿಯಿದ್ದಿತು. ಅವನಿಗೆ ಸ್ವಂತ ಹಂಡೆಯಿರದು. ‘ಬೂಯರ್ ಆಂಬ್ಯುಲಾಂ’, ಸಂಚಾರಿ ಕುದಿಸುವವನು, ಚಕ್ರಗಳ ಮೇಲೆ ಭಟ್ಟಿಯನ್ನು ಏರಿಸಿಕೊಂಡು ಚಳಿಗಾಲದಲ್ಲಿ ಊರಿಗೆ ಬಂದು ಬಾವಿಯ ಅಥವಾ ಹಳ್ಳದ ಬದಿಯಲ್ಲಿ ಹೂಡುವನು. ಊರಿನವರು ಸರದಿಯಾಗಿ ತಮ್ಮ ತಮ್ಮ ಪೀಪಾಯಿಗಳನ್ನು ತರುವರು. ಹತ್ತು ಲೀಟರು ಶುದ್ಧ ಮದ್ಯಸಾರದವರೆಗೆ ಅವರಿಗೆ ಸುಂಕವಿರಲಿಲ್ಲ. ಇದು ತಂದೆಯಿಂದ ಮಗನಿಗೆ ಇಳಿದು ಬರುವ ಹಕ್ಕಾಗಿದ್ದಿತು. ಪಾನದಿಂದಾಗುವ ಅನರ್ಥಗಳನ್ನೂ ಸುಂಕದ ನಷ್ಟವನ್ನೂ ಎತ್ತಿ ತೋರಿಸಿ ಇದನ್ನು ತೆಗೆಯಬೇಕೆಂಬ ವಾದವು ಬಹುಕಾಲ ನಡೆಯಿತು. ಆ ವಾದವು ನಿರಾಧಾರವೆನ್ನಲೂ ಆಗದು. 1960ರ ಆಜ್ಞೆಯಿಂದ ಈ ಹಕ್ಕಿನ ಉತ್ತರಾಧಿಕಾರವು ನಿಂತಿತು. ಆಗ ಹಕ್ಕುದಾರರಾಗಿದ್ದವರು ಬದುಕಿರುವವರೆಗೆ ಅದನ್ನು ಅನುಭವಿಸಬಹುದು, ಅವರ ತರುವಾಯ ಬದುಕುಳಿದ ಪತಿ ಅಥವಾ ಪತ್ನಿಗೆ ಅದು ಸಲ್ಲಬಹುದು, ಮಕ್ಕಳಿಗೆ ಸಲ್ಲದು ಎಂದು ಗೊತ್ತಾಯಿತು. ಬೂಯರ್ ದ ಕ್ರ್ಯು ಎಂಬ ಹೆಸರು ಸುಂಕದ ಕಟ್ಟಳೆಗಳಲ್ಲಿ ಇಂದೂ ಇದೆ. ಚಕ್ರದ ಭಟ್ಟಿಗಳು ಕೆಲವು ಹಳ್ಳಿಗಳಿಗೆ ಚಳಿಗಾಲದಲ್ಲಿ ಈಗಲೂ ಬರುತ್ತವೆ.